ಭಾವನಿಗೆ ಬಿಲ್ ಇಲ್ಲ

ಹತ್ತಿರದವರಿಗೆ ಹಣ ಕೊಟ್ಟಾಗಲೇ ಮನುಷ್ಯನಿಗೆ ಸಂಬಂಧಗಳ ನಿಜವಾದ ತೂಕ ತಿಳಿಯುತ್ತದೆ. ನನಗೆ ತಿಳಿದದ್ದು ನನ್ನದೇ ತೂಕ. ಹೆಂಡತಿಯ ತಮ್ಮನಿಗೆ ಆರು ಲಕ್ಷ ರೂಪಾಯಿ ಕೊಟ್ಟ ಒಂಬತ್ತು ತಿಂಗಳಲ್ಲಿ ನಾನು ಐದು ಕಿಲೋ ಹೆಚ್ಚಿದೆ.

ಇದು ಹೇಗಾಯಿತು ಎಂಬುದನ್ನು ಕ್ರಮವಾಗಿ ದಾಖಲಿಸುತ್ತೇನೆ. ಆ ಕೆಲಸದಲ್ಲಿ ನನಗೆ ಮೂವತ್ತನಾಲ್ಕು ವರ್ಷಗಳ ಅನುಭವವಿದೆ. ಒಂದು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ನನ್ನ ಕುರ್ಚಿಯಿತ್ತು. ಬೆಂಕಿ ಬಿದ್ದ ಗೋದಾಮು, ನೀರು ನುಗ್ಗಿದ ಅಂಗಡಿ, ಗೂಳಿ ಗುದ್ದಿದ ಸ್ಕೂಟರು, ಹೀಗೆ ಲೋಕದ ಸಕಲ ದುಃಖಗಳೂ ಮೂರು ಪ್ರತಿಗಳಲ್ಲಿ ನನ್ನ ಮೇಜಿಗೆ ಬರುತ್ತಿದ್ದವು. ಪಾಲಿಸಿಯ ಯಾವ ಸಾಲಿನ ಆಧಾರದ ಮೇಲೆ ಹಣ ಕೊಡದೆ ಇರಬಹುದು ಎಂದು ಹುಡುಕಿ ಹೇಳುವುದಕ್ಕೆ ನನಗೆ ಸಂಬಳ. ಹಣ ಕೊಡದಿರುವುದಕ್ಕೆ ಎಷ್ಟು ದಾರಿಗಳಿವೆಯೋ ಅಷ್ಟೂ ನನಗೆ ಗೊತ್ತು; ಕೆಲವನ್ನು ನಾನೇ ಕಡಿದು ಮಾಡಿದ್ದೆ. ಇಂಥವನು ಆರು ಲಕ್ಷವನ್ನು ಒಂದು ಚೀಟಿಯೂ ಬರೆಸಿಕೊಳ್ಳದೆ ಕೊಟ್ಟ.

ಆ ಆರು ಲಕ್ಷ ಸುಮ್ಮನೆ ಬಿದ್ದಿದ್ದ ಹಣವಲ್ಲ. ನಾವಿರುವುದು ಚೆಂಬೂರಿನಲ್ಲಿ, ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿ. ನಾನು ನಿವೃತ್ತನಾಗುವ ಹೊತ್ತಿಗೆ ಹೆಂಡತಿಯ ಎರಡೂ ಮೊಣಕಾಲುಗಳು ಸವೆದುಹೋಗಿದ್ದವು. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡನ್ನೂ ಬದಲಿಸಬೇಕು, ಒಂದೊಂದಕ್ಕೆ ಮೂರು ಲಕ್ಷ ಇಟ್ಟುಕೊಳ್ಳಿ ಎಂದರು. ನಮಗೆ ಮೆಡಿಕ್ಲೇಮ್ ಇತ್ತು. ಆದರೆ ಅದು ನಿವೃತ್ತಿಯ ನಂತರ ಹೊಸದಾಗಿ ಮಾಡಿಸಿದ್ದು. ಮೂಳೆ ಕೀಲುಗಳ ಚಿಕಿತ್ಸೆ ಮೊದಲ ಕೆಲವು ವರ್ಷ ಅದರಲ್ಲಿ ಸೇರುವುದಿಲ್ಲ ಎಂಬ ಒಂದು ಸಾಲು ಒಳಪುಟದಲ್ಲಿತ್ತು. ಆ ಸಾಲನ್ನು ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದಾರೆ ಎಂದು ನಾನು ಮೆಚ್ಚಿಕೊಂಡೆ. ಹೆಂಡತಿ ಮೆಚ್ಚಿಕೊಳ್ಳಲಿಲ್ಲ.

ಹಾಗಾಗಿ ನಿವೃತ್ತಿಯ ಹಣದಲ್ಲಿ ಮೂರು ಮೂರು ಲಕ್ಷದ ಎರಡು ಫಿಕ್ಸೆಡ್ ಡಿಪಾಸಿಟ್ ಮಾಡಿ ಕಪಾಟಿನಲ್ಲಿಟ್ಟೆವು. ಮನೆಯಲ್ಲಿ ಅವುಗಳ ಹೆಸರು ಎಡಗಾಲು, ಬಲಗಾಲು. ಎಡಗಾಲಿನ ರಸೀದಿ ಎಲ್ಲಿ, ಬಲಗಾಲಿಗೆ ಬಡ್ಡಿ ಬಂತಾ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಬೇಸಗೆ ಮುಗಿದ ಮೇಲೆ ಆಪರೇಶನ್ ಎಂದು ನಿರ್ಧಾರವಾಗಿತ್ತು.

ಬೇಸಗೆ ಮುಗಿಯುವ ಮೊದಲು ಒಂದು ಭಾನುವಾರ ನನ್ನ ಭಾವಮೈದುನ ಬಂದ. ಉಡುಪಿಯ ಕಡೆಯಿಂದ ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದವನು. ಮೂವತ್ತು ವರ್ಷ ಬೇರೆಯವರ ಹೋಟೆಲುಗಳಲ್ಲಿ ದುಡಿದು, ಕೊನೆಯ ಹನ್ನೆರಡು ವರ್ಷ ಬೇರೆಯವರ ಗಲ್ಲಾದಲ್ಲಿ ಕೂತು ಬೇರೆಯವರ ಹಣ ಎಣಿಸಿದವನು. ಈಗ ಅಂಧೇರಿಯಲ್ಲಿ ಒಂದು ಹೋಟೆಲು ಕಂಡಕ್ಟಿಗೆ ಸಿಗುವುದಿದೆ ಎಂದ. ನಮ್ಮ ಕರಾವಳಿಯವರಿಗೆ ಇದು ಗೊತ್ತಿರುವ ಏರ್ಪಾಡು: ಜಾಗ, ಲೈಸೆನ್ಸು, ಹೊರಗಿನ ಬೋರ್ಡು ಎಲ್ಲ ಮಾಲೀಕರದು. ನಾವು ಡಿಪಾಸಿಟ್ ಕೊಟ್ಟು, ತಿಂಗಳಿಗೆ ಇಂತಿಷ್ಟು ಎಂದು ಕಟ್ಟಿ ನಡೆಸಬೇಕು. ಉಳಿದದ್ದು ನಮ್ಮದು, ಉಳಿಯದಿದ್ದರೆ ಅದೂ ನಮ್ಮದೇ.

ಅವನು ಹಣ ಕೇಳಲಿಲ್ಲ. ಹೋಟೆಲಿನ ಹನ್ನೆರಡು ಟೇಬಲುಗಳನ್ನು ವರ್ಣಿಸಿದ. ದೋಸೆಯ ಕಲ್ಲು ಎಷ್ಟು ಪಳಗಿದೆ ಎಂದು ಹೇಳಿದ. ಬೆಳಿಗ್ಗೆ ಸ್ಟೇಶನ್ನಿನಿಂದ ಆಫೀಸುಗಳಿಗೆ ಹೋಗುವ ಜನ ಆ ಬಾಗಿಲ ಮುಂದೆ ಹೇಗೆ ಹರಿಯುತ್ತಾರೆ ಎಂದು ಕೈಯಲ್ಲಿ ತೋರಿಸಿದ. ಹೇಳುತ್ತ ಹೇಳುತ್ತ ಅವನ ಕಿವಿಗಳು ಕೆಂಪಾದವು. ಡಿಪಾಸಿಟಿಗೆ ಆರು ಲಕ್ಷ ಕಡಿಮೆ ಬೀಳುತ್ತದೆ ಎಂಬುದನ್ನು ಮಾತ್ರ ಕಾಫಿಯ ಲೋಟದೊಳಗೆ ನೋಡುತ್ತ ಹೇಳಿದ. ಅಡುಗೆಮನೆಯಿಂದ ಹೆಂಡತಿ ನನ್ನನ್ನು ಕರೆದಳು.

"ಕೊಟ್ಟುಬಿಡಿ," ಎಂದಳು ಸಣ್ಣ ದನಿಯಲ್ಲಿ.

"ಯಾವ ಕಾಲು?"

"ಎರಡೂ. ವರ್ಷದೊಳಗೆ ತಂದು ಕೊಡ್ತಾನೆ ಅವ. ಆದರೆ ಕಾಲಿನ ವಿಷಯ ಅವನಿಗೆ ಹೇಳಬಾರದು. ಹೇಳಿದರೆ ಆ ಹಣ ಮುಟ್ಟಲಿಕ್ಕಿಲ್ಲ."

ಆ ದಿನ ಮಧ್ಯಾಹ್ನದವರೆಗೂ ಅವಳು ಅಡುಗೆಮನೆಯ ಸ್ಟೂಲಿನಿಂದ ಏಳಲಿಲ್ಲ. ತಮ್ಮನ ಎದುರು ನಡೆಯಬೇಕಾಗದಂತೆ ಊಟವನ್ನು ನನ್ನ ಕೈಯಲ್ಲೇ ಬಡಿಸಿಸಿದಳು. ಅವನು ಅಕ್ಕನಿಗೆ ಬಿಡುವೇ ಇಲ್ಲ ಎಂದು ನೊಂದುಕೊಂಡ.

ಊಟವಾದ ಮೇಲೆ ಅವನು ಬಡ್ಡಿಯ ಮಾತೆತ್ತಿದ. ನಾನು ಎದ್ದು ನಿಂತೆ. ಹೆಂಡತಿಯ ತಮ್ಮನಿಂದ ಬಡ್ಡಿ ವಸೂಲು ಮಾಡಿದವನು ಎಂಬ ಹೆಸರು ಹೊತ್ತುಕೊಂಡು ಊರಿನ ಮದುವೆಗಳಲ್ಲಿ ನಾನು ಯಾವ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಬೇಕು ಎಂದು ಕೇಳಿದೆ. ಅವನೂ ಎದ್ದು ನಿಂತು ಹೇಳಿದ:

"ಹಾಗಾದರೆ ಭಾವ, ನೀವು ಹೋಟೆಲಿಗೆ ಬಂದಾಗ ನಿಮಗೆ ಬಿಲ್ ಇಲ್ಲ. ನಿಮ್ಮ ಟೇಬಲಿಗೆ ಬಿಲ್ ಹೋದ ದಿನ ನಾನು ಗಲ್ಲಾದಿಂದ ಇಳಿದೆ ಅಂತಲೇ ಲೆಕ್ಕ."

ದೇವರ ಪಟದ ಎದುರು ನಿಂತು ಹೇಳಿದ್ದರಿಂದ ಇದಕ್ಕೆ ಕರಾರಿನ ಬಲ ಬಂತು. ಬೇರೆ ಕರಾರು ಇರಲೂ ಇಲ್ಲ.

ಹೋಟೆಲು ಶುರುವಾದ ಮೊದಲ ಎರಡು ವಾರ ನಾನು ಕಂಡ ಸಂಭ್ರಮವನ್ನು ಹೇಗೆ ಹೇಳಲಿ. ಬೆಳಿಗ್ಗೆ ಎಂಟಕ್ಕೆ ಜನ ಟೇಬಲಿನ ಪಕ್ಕ ನಿಂತು, ತಿನ್ನುವವರ ತಟ್ಟೆಯನ್ನೇ ನೋಡುತ್ತ ಕಾಯುತ್ತಿದ್ದರು. ಗಲ್ಲಾದಲ್ಲಿ ನನ್ನ ಭಾವಮೈದುನ ಹಣೆಗೆ ಕುಂಕುಮ ಇಟ್ಟುಕೊಂಡು, ಎರಡೂ ಕೈಯಿಂದ ಚಿಲ್ಲರೆ ಕೊಡುತ್ತಿದ್ದ. ಈ ವೇಗದಲ್ಲಿ ಹೋದರೆ ದೀಪಾವಳಿಗೆ ಎಡಗಾಲು, ಯುಗಾದಿಗೆ ಬಲಗಾಲು ಎಂದು ನಾನು ಮನೆಗೆ ಬಂದು ವರದಿ ಒಪ್ಪಿಸಿದೆ.

ಮೂರನೆಯ ವಾರ ರಸ್ತೆ ಅಗೆದರು. ಡಾಂಬರು ತೆಗೆದು ಕಾಂಕ್ರೀಟು ಹಾಕುವುದಂತೆ. ಹೋಟೆಲಿನ ಮುಂದೆ ಆಳೆತ್ತರದ ತಗಡುಗಳು ಎದ್ದವು. ತಗಡಿಗೂ ಬಾಗಿಲಿಗೂ ನಡುವೆ ಒಂದು ಕಂದಕ, ಅದರ ಮೇಲೆ ಒಂದು ಹಲಗೆ. ಆಗುವ ತೊಂದರೆಗೆ ವಿಷಾದಿಸುತ್ತೇವೆ ಎಂಬ ಬೋರ್ಡು ಹೋಟೆಲಿನ ಬೋರ್ಡಿಗೆ ಸರಿಯಾಗಿ ಅಡ್ಡ ನಿಂತಿತು. ಒಳಗೊಂದು ಹೋಟೆಲು ಇದೆ ಎಂದು ಗೊತ್ತಿದ್ದವರೂ, ಇಡ್ಲಿಗಾಗಿ ಹಲಗೆ ದಾಟುವ ಸಾಹಸ ಬೇಕೇ ಎಂದು ಮುಂದಿನ ಹೋಟೆಲಿಗೆ ಹೋದರು.

ಇತ್ತ ನಾನು ಬಡ್ಡಿ ವಸೂಲಿಗೆ ಹೊರಟಿದ್ದೆ. ಲೆಕ್ಕ ಸ್ಪಷ್ಟವಾಗಿತ್ತು. ಆರು ಲಕ್ಷಕ್ಕೆ ನೂರಕ್ಕೆ ಏಳರಂತೆ ವರ್ಷಕ್ಕೆ ನಲವತ್ತೆರಡು ಸಾವಿರ, ತಿಂಗಳಿಗೆ ಮೂರೂವರೆ ಸಾವಿರ. ಇಡ್ಲಿ, ವಡೆ, ಒಂದು ಕಾಫಿ ಸೇರಿ ನೂರಿಪ್ಪತ್ತು ರೂಪಾಯಿ. ಅಂದರೆ ತಿಂಗಳಲ್ಲಿ ಇಪ್ಪತ್ತೊಂಬತ್ತು ದಿನ ತಪ್ಪದೆ ತಿಂದರೆ ಬಡ್ಡಿ ಚುಕ್ತಾ. ಚೆಂಬೂರಿನಿಂದ ಬಸ್ಸಿನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಅಂಧೇರಿ, ಹೋಗಿ ಬರಲು ಎಂಬತ್ತು ರೂಪಾಯಿ ಚಿಲ್ಲರೆ. ಹಾಗಾಗಿ ದಿನಕ್ಕೆ ಕೈಗೆ ಹತ್ತುವುದು ಮೂವತ್ತು ಚಿಲ್ಲರೆ ಮಾತ್ರ ಎಂಬುದು ನಿಜ. ಆದರೂ ಬಡ್ಡಿ ಬಡ್ಡಿಯೇ. ನಾನು ದಿನವೂ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಕಚೇರಿಗೆ ಹೊರಟವನಂತೆ ಹೊರಟೆ. ನಿವೃತ್ತಿಯ ನಂತರ ಬೆಳಿಗ್ಗೆ ಎದ್ದ ಕೂಡಲೇ ಹೋಗಲು ಒಂದು ಜಾಗ ಸಿಕ್ಕಿತಲ್ಲ ಎಂಬ ಉಮೇದು ಬೇರೆ.

ಆ ಹೋಟೆಲಿನಲ್ಲಿ ಒಬ್ಬ ವೇಟರ್ ಇದ್ದರು. ವಿಜಯಪುರದ ಕಡೆಯವರು, ಅರವತ್ತರ ಹತ್ತಿರದವರು, ಆ ಒಂದೇ ಹೋಟೆಲಿನಲ್ಲಿ ನಾಲ್ಕು ಜನ ಕಂಡಕ್ಟ್ ಮಾಡಿ ಹೋದದ್ದನ್ನು ಕಂಡವರು. ನನ್ನ ಭಾವಮೈದುನನನ್ನು ಅವರು ಕರೆಯುತ್ತಿದ್ದುದು ಮಾಲಕರು ಎಂದು. ನಾನು ಕೂತ ಕೂಡಲೇ, ಮಾಲಕರು ಹೇಳಿದ್ದಾರೆ, ನಿಮಗೆ ಬಿಲ್ ಇಲ್ಲ ಎಂದು ನೆನಪಿಸುವರು. ನಾನು ಇಡ್ಲಿ ಎಂದರೆ ಇಡ್ಲಿಯ ಜೊತೆ ಶಿರಾ ಬರುತ್ತಿತ್ತು. ಶಿರಾ ಬೇಡ ಎಂದರೆ ಗಲ್ಲಾದಿಂದ ದನಿ ಬರುತ್ತಿತ್ತು, ಭಾವನಿಗೆ ಒಂದು ಮಸಾಲೆ ದೋಸೆ ಕೊಡಿ ಎಂದು.

ಹತ್ತು ದಿನ ಹೀಗೆ ಬಡ್ಡಿ ತಿಂದ ಮೇಲೆ, ಒಂದು ಬೆಳಿಗ್ಗೆ ತಲೆಯೆತ್ತಿ ನೋಡಿದೆ. ಹನ್ನೊಂದು ಟೇಬಲುಗಳು ಖಾಲಿ. ಹನ್ನೆರಡನೆಯದರಲ್ಲಿ ನಾನು, ಬಿಲ್ ಇಲ್ಲದವನು. ನಾನು ಕೂತಷ್ಟು ಹೊತ್ತೂ ಗಲ್ಲಾದ ಡ್ರಾಯರು ಒಮ್ಮೆಯೂ ತೆರೆಯಲಿಲ್ಲ. ಆಗ ನನ್ನೊಳಗಿನ ಕ್ಲೇಮ್ ಅಧಿಕಾರಿ ಎಚ್ಚರಗೊಂಡ. ಈ ವಡೆಯ ಉದ್ದು ಯಾವ ಹಣದಿಂದ ಬಂತು? ಹೋಟೆಲು ಮುಳುಗಿದರೆ ಯಾರ ಹಣ ಮುಳುಗುತ್ತದೆ? ನಾನು ಚಟ್ನಿಯಲ್ಲಿ ಅದ್ದಿ ತಿನ್ನುತ್ತಿರುವುದು ಹೆಂಡತಿಯ ಮೊಣಕಾಲನ್ನು. ಒಂದು ಮಸಾಲೆ ದೋಸೆ ಎಂದರೆ ಎಡಗಾಲಿನ ಒಂದು ತಿರುಪು ಕಡಿಮೆಯಾದ ಹಾಗೆ. ಶಿರಾದ ತಟ್ಟೆಯನ್ನು ಆಚೆ ಸರಿಸಿ ಎದ್ದೆ.

ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮೂರನೆಯ ದಿನ ಫೋನು ಬಂತು.

"ಎಂತ ಭಾವ, ಕೋಪವಾ? ನೀವು ಬರುವುದಿಲ್ಲವಾದರೆ ನಾಳೆಯಿಂದ ತಿಂಡಿ ಕಟ್ಟಿಸಿ ನಾನೇ ಮನೆಗೆ ತರ್ತೇನೆ. ಅಕ್ಕನನ್ನೂ ನೋಡಿದ ಹಾಗೆ ಆಯಿತು."

ಮನೆಗೆ ಬಂದರೆ ಅಕ್ಕನ ಕಾಲು ಕಾಣುತ್ತದೆ. ನಾನು ಮರುದಿನ ಏಳಕ್ಕೇ ಬಸ್ ಸ್ಟಾಪಿನಲ್ಲಿದ್ದೆ.

ತಿನ್ನದೆ ಇರುವಂತಿಲ್ಲ, ತಿಂದರೆ ನಷ್ಟ. ಉಳಿದದ್ದು ಒಂದೇ ದಾರಿ, ಅವನಿಗೆ ಗೊತ್ತಾಗದಂತೆ ಹಣ ಕೊಡುವುದು. ತಟ್ಟೆಯ ಕೆಳಗೆ ನೂರಿಪ್ಪತ್ತು ರೂಪಾಯಿ ಇಟ್ಟು ಎದ್ದುಬಂದೆ. ಆ ವೇಟರ್ ಹಲಗೆ ದಾಟಿ, ತಗಡಿನ ಸಂದಿಯಿಂದ ಹೊರಬಂದು, ಮೆಟ್ರೋ ಮೆಟ್ಟಿಲಿನವರೆಗೆ ಅಟ್ಟಿಸಿಕೊಂಡು ಬಂದು, ಸಾಹೇಬರೇ, ರೊಕ್ಕ ಮರೆತಿದ್ದೀರಿ ಎಂದು ಕೈಗಿಟ್ಟು ಹೋದರು. ಪ್ರಾಮಾಣಿಕತೆ ಒಂದು ಸಂಸ್ಥೆಯನ್ನು ಹೇಗೆ ಹಾಳುಮಾಡುತ್ತದೆ ಎಂದು ಅಂದು ತಿಳಿಯಿತು.

ಮುಂದಿನ ಉಪಾಯ ಗಿರಾಕಿಗಳನ್ನು ತರುವುದು. ಹಳೆಯ ಕಚೇರಿಯ ಇಬ್ಬರು ಗೆಳೆಯರನ್ನು ನನ್ನ ಖರ್ಚಿನಲ್ಲಿ ತಿಂಡಿಗೆ ಕರೆದೆ. ಬೇರೆಯವರ ಖರ್ಚು ಎಂದಾಗ ನಮ್ಮ ವಿಭಾಗದವರು ತಿನ್ನುವ ಕ್ರಮವೇ ಬೇರೆ. ಆ ದಿನ ನಾಲ್ಕು ದೋಸೆ, ಎರಡು ಉತ್ತಪ್ಪ, ಮೂರು ಫಲೂದಾ. ನಾನು ಗಂಭೀರವಾಗಿ ಪರ್ಸು ತೆಗೆದೆ. ಭಾವಮೈದುನ ಗಲ್ಲಾದಿಂದ ಇಳಿದು ಬಂದು ನನ್ನ ಕೈ ಹಿಡಿದ. ಭಾವನ ಜೊತೆ ಬಂದವರಿಗೆ ಬಿಲ್ ಮಾಡಿದರೆ ಅಕ್ಕ ನನ್ನನ್ನು ಮನೆಗೆ ಸೇರಿಸುತ್ತಾಳಾ ಎಂದ. ಗೆಳೆಯರು ಅವನನ್ನು ಮನಸಾರೆ ಹೊಗಳಿ, ಮುಂದಿನ ವಾರವೂ ಬರುವುದಾಗಿ ಮಾತು ಕೊಟ್ಟರು. ಅವರನ್ನು ತಡೆಯಲು ನಾನು ಹೋಟೆಲಿನ ನೀರು ಸರಿಯಿಲ್ಲ ಎಂದು ಸುಳ್ಳು ಹೇಳಬೇಕಾಯಿತು.

ಅಂದರೆ ಗಿರಾಕಿಗಳು ಬೇಕು, ಆದರೆ ಅವರು ನನಗೆ ಪರಿಚಯದವರಾಗಿರಬಾರದು. ಈ ಹೊಳಹು ಬಂದಾಗ ನಾನು ಚೆಂಬೂರಿನ ಗಾರ್ಡನ್ನಿನಲ್ಲಿ ನಡೆಯುತ್ತಿದ್ದೆ. ನನ್ನ ಜೊತೆ ದಿನ ಸಂಜೆ ನಡೆಯುವ ಐದು ಜನ ನಿವೃತ್ತರಿದ್ದರು. ಹೋಟೆಲಿನಲ್ಲಿ ಅವರನ್ನು ಯಾರೂ ಕಂಡಿರಲಿಲ್ಲ. ನಮ್ಮ ಮನೆಗೆ ಬಂದು ಹೋಗುವವರು, ಹೆಂಡತಿಯ ಕಾಲಿನ ವಿಷಯ ಬಲ್ಲವರು. ಕಲ್ಲುಬೆಂಚಿನ ಮೇಲೆ ಅವರನ್ನು ಕೂರಿಸಿ ಎಲ್ಲ ಹೇಳಿದೆ. ನಿಯಮಗಳನ್ನು ನಿಗದಿ ಮಾಡಿದೆವು: ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಬೇರೆ ಬೇರೆಯಾಗಿ ಹೋಗಬೇಕು, ಬೇರೆ ಬೇರೆ ಟೇಬಲಿನಲ್ಲಿ ಕೂರಬೇಕು, ನನ್ನನ್ನು ಗುರುತಿಸಬಾರದು, ತಿಂದು, ಬಿಲ್ ಕೊಟ್ಟು ಹೊರಡಬೇಕು. ತಲೆಗೆ ನೂರೈವತ್ತರಂತೆ ನಾನು ಹಿಂದಿನ ಸಂಜೆಯೇ ಗಾರ್ಡನ್ನಿನಲ್ಲಿ ಹಂಚುವುದು.

ವರ್ಷಗಟ್ಟಲೆ ಯಾರೂ ಒಂದು ಕೆಲಸವನ್ನು ವಹಿಸದೆ ಇದ್ದ ಆ ಐವರಲ್ಲಿ ಎದ್ದ ಹುರುಪನ್ನು ನೋಡಬೇಕಿತ್ತು. ಒಬ್ಬರು ಹೊಸ ಟೋಪಿ ಕೊಂಡರು. ಒಬ್ಬರು ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಂದರು, ಒಳಗೆ ಹಳೆಯ ಲೈಟ್ ಬಿಲ್ಲುಗಳು. ರಿಫೈನರಿಯಲ್ಲಿ ಯಂತ್ರಗಳ ಸದ್ದಿನ ನಡುವೆ ದುಡಿದು ದನಿ ದೊಡ್ಡದಾದ ಒಬ್ಬರಿದ್ದರು, ಅವರು ಅಪರಿಚಿತನಂತೆ ಕಾಣಬೇಕೆಂದು ಬಾಗಿಲಲ್ಲೇ ನಿಂತು, "ಯಹಾಂ ಇಡ್ಲಿ ಮಿಲೇಗೀ ಕ್ಯಾ?" ಎಂದು ಕೇಳಿದರು. ಉಡುಪಿ ಹೋಟೆಲಿನ ಬಾಗಿಲಲ್ಲಿ, ಇಲ್ಲಿ ಇಡ್ಲಿ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನು ಬಹುಶಃ ಮೊದಲ ಬಾರಿಗೆ ಕೇಳಲಾಯಿತು. ನಾನು ಮೂಲೆಯಲ್ಲಿ ಪೇಪರು ಅಡ್ಡ ಹಿಡಿದು ಕೂತಿದ್ದೆ. ಎದೆ ಡವಡವ ಎನ್ನುತ್ತಿತ್ತು. ಅರವತ್ತು ದಾಟಿದ ಮೇಲೆ ನನ್ನ ಎದೆ ಅಷ್ಟು ಚೆನ್ನಾಗಿ ಬಡಿದದ್ದು ಅದೇ ಮೊದಲು. ಗಲ್ಲಾದ ಡ್ರಾಯರು ಐದು ಸಲ ತೆರೆಯಿತು, ನಾನು ಎಣಿಸಿದೆ.

ಎರಡನೆಯ ವಾರ ವೇಟರ್ ನನ್ನ ಕಾಫಿಯನ್ನು ಇಡುತ್ತ ಬಗ್ಗಿ ಹೇಳಿದರು:

"ಸಾಹೇಬ್ರ, ಒಂದು ಮಾತು ಕೇಳ್ತೀನಿ. ಹೊಸಾ ಗಿರಾಕಿ ಐದೂ ಮಂದಿ ರೊಕ್ಕಾ ಕೊಟ್ಟ ಮ್ಯಾಲೆ ನಿಮ್ಮ ಕಡೆ ಯಾಕ ನೋಡ್ತಾರ್ರೀ?"

ನಾನು ಪೇಪರು ಮಗುಚಿದೆ. ಅವರು ಟೇಬಲ್ ಒರೆಸಿದರು. ಆಮೇಲೆ ಆ ವಿಷಯ ನಮ್ಮಿಬ್ಬರ ನಡುವೆ ಬರಲಿಲ್ಲ. ಆದರೆ ಅಂದಿನಿಂದ ನನಗೆ ಶಿರಾ ಬರುವುದು ನಿಂತಿತು.

ಹೀಗೆ ತಿಂಗಳಿಗೆ ಮೂರೂವರೆ ಸಾವಿರ ಬಡ್ಡಿ ಪಡೆಯಬೇಕಾದ ನಾನು, ತಿಂಗಳಿಗೆ ಆರು ಸಾವಿರ ಕೈಯಿಂದ ಹಾಕುತ್ತಿದ್ದೆ. ಸಾಲ ಕೊಟ್ಟವನೇ ಕಂತು ಕಟ್ಟುವ ಈ ಪದ್ಧತಿಯನ್ನು ಯಾವ ಬ್ಯಾಂಕೂ ಇನ್ನೂ ಯೋಚಿಸಿಲ್ಲ. ಮಳೆಗಾಲ ಕಳೆಯಿತು. ಕಂದಕದಲ್ಲಿ ನೀರು ನಿಂತು ಇಳಿಯಿತು. ದೀಪಾವಳಿಗೆ ಎಡಗಾಲು ಬರಲಿಲ್ಲ. ಭಾವಮೈದುನ ಹೋಟೆಲು ಬಿಟ್ಟು ಏಳಲಾಗದೆ ಹಬ್ಬದ ದಿನವೂ ಅಕ್ಕನೊಡನೆ ಫೋನಿನಲ್ಲೇ ಮಾತಾಡಿದ. ಅಕ್ಕ ಕೂತಲ್ಲಿಂದಲೇ ಗಟ್ಟಿಯಾಗಿ ನಕ್ಕು ಮಾತಾಡಿ, ಫೋನು ಇಟ್ಟ ಮೇಲೆ ಗೋಡೆ ಹಿಡಿದು ಎದ್ದಳು. ಮನೆಯ ಮೆಟ್ಟಿಲನ್ನು ಅವಳು ಈಗ ಮಗು ಇಳಿಯುವ ಹಾಗೆ, ಒಂದೊಂದರ ಮೇಲೂ ಎರಡೂ ಕಾಲು ಜೋಡಿಸಿ ಇಳಿಯುತ್ತಿದ್ದಳು. ಎಡಗಾಲನ್ನು ಇನ್ನು ಮುಂದೂಡುವಂತಿಲ್ಲ ಎಂದು ಡಾಕ್ಟರು ಹೇಳಿ ಆಗಿತ್ತು.

ಒಂಬತ್ತನೆಯ ತಿಂಗಳಲ್ಲಿ ಒಂದು ಗುರುವಾರ ಭಾವಮೈದುನ ನನ್ನನ್ನು ಗಲ್ಲಾದ ಪಕ್ಕ ಕೂರಿಸಿಕೊಂಡ. ಅವನ ಕಿವಿಗಳು ಮತ್ತೆ ಕೆಂಪಾಗಿದ್ದವು. ಅವನು ಹೇಳಿದ್ದು ಇಷ್ಟು: ತಗಡು ಎದ್ದ ಮೇಲೆ ತಿಂಗಳ ಹಣ ಕಟ್ಟಲಾಗದೆ ಮಾಲೀಕರು ಅದನ್ನು ಡಿಪಾಸಿಟಿನಿಂದಲೇ ಕಡಿದುಕೊಳ್ಳುತ್ತಿದ್ದಾರೆ. ಇನ್ನು ಸಾಕು, ಬಿಟ್ಟು ಮತ್ತೆ ಯಾರದಾದರೂ ಗಲ್ಲಾದಲ್ಲಿ ಕೂರುವ ಎಂದು ಅವನು ನಿರ್ಧರಿಸಿದ್ದ. ವರ್ಷಗಳಿಂದ ಕಟ್ಟುತ್ತಿದ್ದ ಚೀಟಿ ಹಣ ಮೂರು ಲಕ್ಷ ಕೈಗೆ ಬಂದಿತ್ತು. ಅದನ್ನು ನನಗೆ ಕೊಡಲೆಂದೇ ತೆಗೆದಿಟ್ಟಿದ್ದ.

ನನ್ನ ಕಿವಿಯಲ್ಲಿ ವಾಲಗ ಶುರುವಾಯಿತು. ಮೂರು ಲಕ್ಷ ಎಂದರೆ ಎಡಗಾಲು.

"ಆದರೆ ಈಗ ಗಾಳಿ ತಿರುಗಿತು ಭಾವ," ಎಂದ ಅವನು. "ಐದು ಜನ ಪಕ್ಕಾ ಗಿರಾಕಿ ಆಗಿದ್ದಾರೆ. ಮಂಗಳವಾರ, ಶುಕ್ರವಾರ ತಪ್ಪುವುದೇ ಇಲ್ಲ. ಎಲ್ಲಿಂದ ಬರ್ತೀರಿ ಅಂತ ಒಬ್ಬರ ಹತ್ತಿರ ಕೇಳಿದೆ. ಚೆಂಬೂರಿನಿಂದಂತೆ. ಚಟ್ನಿಗೋಸ್ಕರವಂತೆ. ಚೆಂಬೂರಿನಲ್ಲಿ ಚಟ್ನಿ ಇಲ್ಲವಾ ಭಾವ? ಹಲಗೆ ದಾಟಿ ಅಷ್ಟು ದೂರದಿಂದ ಬರ್ತಾರೆ ಅಂದರೆ, ತಗಡು ತೆಗೆದ ಮೇಲೆ ಹೇಗಿರಬಹುದು?"

ಹಾಗಾಗಿ ಅವನು ಹೋಟೆಲು ಬಿಡುವುದಿಲ್ಲ. ಅರ್ಧ ಹಾಲಿಗೆ ಗಾಜಿನ ಗೋಡೆ ಹಾಕಿ ಎ.ಸಿ. ರೂಮು ಮಾಡುತ್ತಾನೆ. ಖರ್ಚು ಸರಿಯಾಗಿ ಮೂರು ಲಕ್ಷ. ಶನಿವಾರ ಎ.ಸಿ.ಯವನಿಗೆ ಅಡ್ವಾನ್ಸ್ ಕೊಡುವುದು. ಆದರೆ ಹಣ ನನ್ನದಾದ್ದರಿಂದ, ನಾನು ಹೂಂ ಎಂದರೆ ಮಾತ್ರ.

ಇಲ್ಲ ಎನ್ನುವುದಕ್ಕೆ ಮೂವತ್ತನಾಲ್ಕು ವರ್ಷ ಸಂಬಳ ಪಡೆದವನು ನಾನು. ಮೂರು ಪ್ರತಿಗಳಲ್ಲಿ ಇಲ್ಲ ಎಂದವನು. ಎದುರಿಗೆ ಆ ಕೆಂಪು ಕಿವಿಗಳು. ಗಿರಾಕಿಗಳು ಸುಳ್ಳು ಎಂದು ಹೇಳಿದರೆ ಈ ಮುಖ ಏನಾಗುತ್ತದೆ ಎಂದು ನೋಡುವ ಧೈರ್ಯ ನನಗಿರಲಿಲ್ಲ. ಹೂಂ ಎಂದೆ.

ಸಂಜೆ ಹೆಂಡತಿಗೆ ಒಂದನ್ನೂ ಮುಚ್ಚಿಡದೆ ಒಪ್ಪಿಸಿದೆ. ಇಷ್ಟು ದಿನ ಅಡಗಿಸಿಟ್ಟ ಗಾರ್ಡನ್ ಪ್ರಕರಣವನ್ನೂ. ಅವಳು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳಿದಳು. ಐದು ಜನ ನಟರ ಮಾತು ಬಂದಾಗ ನಕ್ಕಳು. ಎ.ಸಿ.ಯ ಮಾತು ಬಂದಾಗ ನಗು ನಿಂತಿತು.

"ಇಡ್ಲಿ ತಿನ್ನಲಿಕ್ಕೆ ಎ.ಸಿ. ಎಂತಕ್ಕೆ? ಇಡ್ಲಿ ತಣಿಯುವುದಿಲ್ಲವಾ?" ಎಂದಳು. "ನಾಳೆ ನಾನೇ ಹೋಗ್ತೇನೆ. ಹಣದ ಸುದ್ದಿ ಎತ್ತುವುದಿಲ್ಲ. ಎ.ಸಿ.ಯ ಸುದ್ದಿ ಮಾತ್ರ."

ಮರುದಿನ ಬೆಳಿಗ್ಗೆ ಅವಳು ಮದುವೆಗೆ ಹೊರಟವಳ ಹಾಗೆ ಸೀರೆ ಉಟ್ಟು ನಿಂತಳು. ಎರಡು ಮಾಳಿಗೆ ಇಳಿಯಲು ಕಾಲು ಗಂಟೆ ಹಿಡಿಯಿತು. ಟ್ಯಾಕ್ಸಿ ಹತ್ತಿಸಿದೆ. ಕುರ್ಲಾ ದಾಟಿ ಸಾಕಿ ನಾಕಾದ ವಾಹನಗಳ ಗರ್ದಿಯಲ್ಲಿ ಸಿಕ್ಕಿಕೊಂಡಾಗ ನನಗೆ ನೆನಪಾಯಿತು, ಈ ದಿನ ಶುಕ್ರವಾರ. ಐವರೂ ಈ ಹೊತ್ತಿಗೆ ಅಲ್ಲಿ ಕೂತಿರುತ್ತಾರೆ. ಗಾರ್ಡನ್ನಿನ ವಾಟ್ಸಾಪ್ ಗ್ರೂಪಿಗೆ ಮೆಸೇಜು ಹಾಕಿದೆ, ಕೂಡಲೇ ಎದ್ದು ಹೊರಡಿ ಎಂದು. ಉತ್ತರವಾಗಿ ಒಬ್ಬರು ಗುಲಾಬಿ ಹೂವಿನ ಮೇಲೆ ಗುಡ್ ಮಾರ್ನಿಂಗ್ ಎಂದು ಬರೆದ ಚಿತ್ರ ಕಳಿಸಿದರು. ಮರೋಳ ದಾಟುವಾಗ ಇನ್ನೊಂದು ನೆನಪಾಯಿತು. ಹಲಗೆ. ಒಂಬತ್ತು ತಿಂಗಳು ದಿನವೂ ಅದರ ಮೇಲೆ ನಡೆದ ನಾನು ಹೆಂಡತಿಗೆ ಅದರ ವಿಷಯ ಹೇಳಿರಲಿಲ್ಲ.

ತಗಡಿನ ಸಂದಿಯಿಂದ ಒಳಗೆ ಹೋಗಿ ಅವಳು ಕಂದಕದ ಅಂಚಿನಲ್ಲಿ ನಿಂತಳು. ಆಚೆ ಬಾಗಿಲು ತೆರೆದಿತ್ತು. ಗಲ್ಲಾದಲ್ಲಿದ್ದ ಅವನಿಗೆ ಕಂಡಿತು. ಅಕ್ಕ ಬಂದಳು ಎಂದು ಕೂಗುತ್ತ, ಚಿಲ್ಲರೆಯನ್ನು ಹಾಗೇ ಬಿಟ್ಟು, ಬಾಗಿಲಿಗೆ ಓಡಿ ಬಂದ. ಬಾ ಬಾ ಎಂದು ಕೈ ಚಾಚಿದ.

ಅವಳು ಎಡಗಾಲನ್ನು ಹಲಗೆಯ ಮೇಲಿಟ್ಟು ಹಿಂದೆ ತೆಗೆದಳು. ಬಲಗಾಲನ್ನು ಇಟ್ಟಳು, ಅದನ್ನೂ ತೆಗೆದಳು. ನನ್ನ ತೋಳನ್ನು ಹಿಡಿದ ಅವಳ ಕೈ ಬಿಗಿಯಾಯಿತು. ಅವನ ಚಾಚಿದ ಕೈ ಹಾಗೇ ಇತ್ತು, ಮುಖದ ನಗು ಮಾತ್ರ ನಿಧಾನವಾಗಿ ಇಳಿಯಿತು.

ಆಗ ಒಳಗಿನಿಂದ ರಿಫೈನರಿಯ ದನಿ ಕೇಳಿತು.

"ಅರೇ ಭಾಬೀ, ರುಕಿಯೇ! ಆಪ್ ಕೇ ಘುಟನೇ! ಆಪರೇಶನ್ ಕೇ ಪಹಲೇ ಐಸಾ ಮತ್ ಕೀಜಿಯೇ!"

ನಿಲ್ಲಿ, ನಿಮ್ಮ ಮೊಣಕಾಲು, ಆಪರೇಶನ್ನಿಗೆ ಮೊದಲು ಹೀಗೆಲ್ಲ ಮಾಡಬೇಡಿ ಎಂದು ಅವರು ಕೂಗುತ್ತಿದ್ದಂತೆ, ಐದು ಟೇಬಲುಗಳಿಂದ ಐದು ಜನ ಅಪರಿಚಿತರು ಏಕಕಾಲಕ್ಕೆ ಎದ್ದು ಬಾಗಿಲಿಗೆ ಬಂದರು. ಟೋಪಿಯವರು ಮರಾಠಿಯಲ್ಲಿ ಅತ್ತಿಗೆಗೆ ಹೇಳುವ ಹಾಗೆ ವಹಿನಿ ಎಂದರು, ಫೈಲಿನವರು ಅಕ್ಕಾ ಎಂದರು. ಒಬ್ಬರ ಕೈಯಲ್ಲಿ ಅರ್ಧ ವಡೆಯಿತ್ತು. ಭಾವಮೈದುನ ಅವರನ್ನು ನೋಡಿದ, ನನ್ನನ್ನು ನೋಡಿದ, ಅಕ್ಕನ ಕಾಲನ್ನು ನೋಡಿದ. ಒಂಬತ್ತು ತಿಂಗಳ ಸಂಪೂರ್ಣ ಫೈಲು ಒಂದೇ ನಿಮಿಷದಲ್ಲಿ ಅವನ ಮೇಜಿಗೆ ಬಂದಿತ್ತು. ನಾನು ಕಂದಕದೊಳಗೆ ನೋಡುತ್ತ ನಿಂತೆ.

ಕೆಲಸಕ್ಕೆ ಬಂದದ್ದು ವೇಟರ್ ಒಬ್ಬರೇ. ರಸ್ತೆ ಕೆಲಸದವರಿಂದ ಇನ್ನೊಂದು ಹಲಗೆ ತಂದು ಜೋಡಿಸಿ, ಈಚೆ ಬಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು.

"ಸರೀರಿ ಎಲ್ಲಾರೂ. ಅಕ್ಕಾರು ಕುರ್ಚಿಮ್ಯಾಲೆ ಕೂಡ್ರಲಿ. ಮುಂದ ಇಬ್ರು ಹಿಡೀರಿ, ಹಿಂದ ಮಾಲಕ್ರು ಹಿಡೀಲಿ."

ಹೀಗೆ ನನ್ನ ಹೆಂಡತಿ, ಉತ್ಸವಮೂರ್ತಿಯ ಗಾಂಭೀರ್ಯದಿಂದ, ಕುರ್ಚಿಯಲ್ಲಿ ಕೂತು ಕಂದಕ ದಾಟಿದಳು. ದಾಟುತ್ತಿರುವಾಗಲೇ ಹಿಂದಕ್ಕೆ ತಿರುಗಿ ತಮ್ಮನನ್ನು ಕೇಳಿದಳು:

"ಎ.ಸಿ. ಹಾಕಿಸ್ತೀಯಂತೆ?"

ಅವನು ಒಳಗೆ ಕುರ್ಚಿ ಇಳಿಸಿ, ಅವಳ ಎದುರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ.

"ಯಾವಾಗಿನಿಂದ ಅಕ್ಕ?"

"ನಿನ್ನ ಹೋಟೆಲಿಗಿಂತ ಮೊದಲೇ ಉಂಟು."

"ಹಾಗಾದರೆ ಆ ಆರು ಲಕ್ಷ ಇದಕ್ಕೆ ಇಟ್ಟದ್ದಾ?" ಅವನು ನನ್ನ ಕಡೆ ತಿರುಗಿದ. "ನೀವಾದರೂ ಒಂದು ಮಾತು ಹೇಳಬಹುದಿತ್ತಲ್ಲ ಭಾವ. ಗೊತ್ತಿದ್ದರೆ ನಾನು ಮುಟ್ಟುತ್ತಿದ್ದೆನಾ?"

"ಅದಕ್ಕೇ ಹೇಳಲಿಲ್ಲ," ಎಂದಳು ಅಕ್ಕ.

ಆಮೇಲೆ ಅವನು ಐವರ ಕಡೆ ನೋಡಿ, ಹಾಗಾದರೆ ಚಟ್ನಿಯ ಮಾತೂ ಸುಳ್ಳೇ ಎಂದು ಹಿಂದಿಯಲ್ಲಿ ಕೇಳಿದ. ಐವರೂ ತಲೆ ತಗ್ಗಿಸಿದರು. ರಿಫೈನರಿಯವರು ತಮ್ಮ ಜೀವಮಾನದಲ್ಲೇ ಅತ್ಯಂತ ಸಣ್ಣ ದನಿಯಲ್ಲಿ ಹೇಳಿದರು:

"ಚಟ್ನಿ ಸಚ್ ಮೇಂ ಅಚ್ಛೀ ಹೈ."

ಚಟ್ನಿ ನಿಜಕ್ಕೂ ಚೆನ್ನಾಗಿದೆ ಎಂಬ ಆ ಮಾತಿಗೆ ಅವನು ಮುಖ ಆಚೆ ತಿರುಗಿಸಿಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ ನನಗೆ ಕಾಣಲಿಲ್ಲ, ಕಿವಿಗಳು ಕಂಡವು. ಎದ್ದು ಗಲ್ಲಾಕ್ಕೆ ಹೋಗಿ ಡ್ರಾಯರಿನಿಂದ ಚೆಕ್ ಬುಕ್ ತೆಗೆದು, ನನ್ನ ಹೆಸರಿಗೆ ಮೂರು ಲಕ್ಷ ಬರೆದು, ನನಗೆ ಕೊಡದೆ ಅಕ್ಕನ ಮಡಿಲಲ್ಲಿಟ್ಟ. ಅವಳು ಅದನ್ನು ನೋಡದೆಯೇ, ಹೋಟೆಲು ಬಿಡಬೇಡ, ತಗಡು ತೆಗೆಯುವವರೆಗೆ ಹಲ್ಲು ಕಚ್ಚಿ ನಡೆಸು, ಎ.ಸಿ. ಮಾತ್ರ ಬೇಡ ಎಂದು ತೀರ್ಪು ಕೊಟ್ಟಳು. ಆಮೇಲೆ ಒಂದು ಪ್ಲೇಟ್ ಇಡ್ಲಿ ತರಿಸಿ, ಚಟ್ನಿ ನಾಲಿಗೆಗೆ ಹಚ್ಚಿ, ಶುಂಠಿ ಸ್ವಲ್ಪ ಹೆಚ್ಚಾಯಿತು ಎಂದಳು. ಹೊರಡುವಾಗ ನಾನು ಅಭ್ಯಾಸಬಲದಿಂದ ಪರ್ಸಿಗೆ ಕೈ ಹಾಕಿದೆ. ವೇಟರ್ ದೂರದಿಂದಲೇ ಬೇಡ ಎಂದು ತಲೆಯಾಡಿಸಿದರು.

ಎ.ಸಿ. ಬರಲಿಲ್ಲ. ಎರಡು ತಿಂಗಳ ನಂತರ ತಗಡು ತೆಗೆದರು, ಕಾಂಕ್ರೀಟು ರಸ್ತೆ ಹೋಟೆಲಿನ ಹೊಸ್ತಿಲಿಗಿಂತ ಅರ್ಧ ಅಡಿ ಮೇಲೆ ಬಂತು. ಬೆಳಿಗ್ಗೆಯ ಜನ ಅರ್ಧದಷ್ಟು ಮರಳಿದ್ದಾರೆ. ಐವರಲ್ಲಿ ಇಬ್ಬರು ಈಗಲೂ ಶುಕ್ರವಾರ ಹೋಗುತ್ತಾರೆ, ತಮ್ಮದೇ ಹಣದಲ್ಲಿ. ಉಳಿದ ಮೂರು ಲಕ್ಷದಲ್ಲಿ ಭಾವಮೈದುನ ಇಲ್ಲಿಯವರೆಗೆ ನಲವತ್ತು ಸಾವಿರ ಕೊಟ್ಟಿದ್ದಾನೆ. ನನಗೆ ಬಿಲ್ ಇನ್ನೂ ಇಲ್ಲ.

ಎಡ ಮೊಣಕಾಲಿನ ಆಪರೇಶನ್ ಆಗಿದೆ. ಬಲ ಮೊಣಕಾಲಿನದು ಆಗಿಲ್ಲ.